ಕಂಬ ಏರಿದ ಬಾಣಂತಿ

ತಾಂಬಾದ ಸಿದ್ದಲಿಂಗವ್ವನ ಲೆಕ್ಕದಲ್ಲಿ ತಾಯಂದಿರೆಂದರೆ ಎರಡೇ ಬಗೆ. ಬಾಣಂತನ ಮುಗಿದ ಮಗಳನ್ನು ಮೈತುಂಬಿಸಿ ಗಂಡನ ಮನೆಗೆ ಕಳಿಸುವವರು ಒಂದು ಬಗೆ, ಬಂದ ಹಾಗೆಯೇ ಕಳಿಸಿ ತವರಿನ ಮಾನ ಹರಾಜಿಗೆ ಹಾಕುವವರು ಇನ್ನೊಂದು ಬಗೆ. ಮಗಳು ಕೂಸನ್ನೆತ್ತಿಕೊಂಡು ಗಂಡನೂರು ನಿಡಗುಂದಿಗೆ ಹೊರಟು ನಿಂತಳೆಂದರೆ ಅವಳ ಕುಪ್ಪಸದ ತೋಳು ಬಿಗಿದಿರಬೇಕು, ಗದ್ದದ ಕೆಳಗೆ ಇನ್ನೊಂದು ಗದ್ದ ಮೂಡಿರಬೇಕು, ತಲಬಾಗಿಲು ದಾಟುವಾಗ ಸ್ವಲ್ಪ ಓರೆಯಾಗಿ ದಾಟಬೇಕು. ಅಷ್ಟನ್ನು ಕಣ್ಣಾರೆ ಕಂಡುಬಿಟ್ಟರೆ ಆಕೆಗೆ ದೇವರ ಹತ್ತಿರ ಬೇರೆ ತಕರಾರು ಇರಲಿಲ್ಲ.

ಇದು ಬರೀ ಹಟವಲ್ಲ, ಹಳೆಯ ಗಾಯ. ಆಕೆ ತನ್ನ ಚೊಚ್ಚಲ ಬಾಣಂತನ ಮುಗಿಸಿ ದೇವಣಗಾಂವದ ತವರಿನಿಂದ ಗಂಡನೂರು ತಾಂಬಾಕ್ಕೆ ಬಂದಾಗ, ಹೊರಡುವ ಮುಂಚೆ ಬಂದ ಹಾಳು ಜ್ವರದಿಂದ ಮೈಯೆಲ್ಲ ಇಳಿದುಹೋಗಿತ್ತು. ಅತ್ತೆ ಇದೇ ಮನೆಯ ಪಡಸಾಲೆಯಲ್ಲಿ ಓಣಿಯ ಹೆಂಗಸರ ಎದುರಿಗೇ ಸೊಸೆಯ ಮುಂಗೈ ಹಿಡಿದೆತ್ತಿ, ಕಳಿಸಲು ಬಂದಿದ್ದ ತಾಯಿಯನ್ನು ಒಂದು ಮಾತು ಕೇಳಿದಳು.

"ಬೀಗತ್ಯಾರ, ಏನ ತಿನ್ನಿಸೀರಿ ಇಕಿಗಿ?"

ಅಷ್ಟೇ. ಬೈಗುಳವಲ್ಲ, ಜಗಳವಲ್ಲ. ಆದರೆ ತಾಯಿ ತಲೆ ತಗ್ಗಿಸಿದವಳು ಮತ್ತೆ ಎತ್ತಲಿಲ್ಲ. ಕೊಟ್ಟ ಚಹಾ ಆರಿ ತಣ್ಣಗಾಗುವುದರೊಳಗೆ ಬಸ್ಸಿಗೆ ಹೋಗಿ ನಿಂತಿದ್ದಳು, ಸಾಯುವತನಕ ಆ ಮಾತನ್ನು ಮರೆಯಲೂ ಇಲ್ಲ. ಸಿದ್ದಲಿಂಗವ್ವ ಅವತ್ತು ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ತೊಡೆಯ ಮೇಲಿನ ಹೆಣ್ಣು ಕೂಸಿನ ಮುಖ ನೋಡುತ್ತ, ಇರಲಿ, ಇದರ ಬಾಣಂತನ ನಾನು ಹೇಗೆ ಮಾಡುತ್ತೇನೆ, ಊರಿಗೂರೇ ನೋಡಲಿ ಎಂದುಕೊಂಡಳು.

ಆ ಕೂಸೇ ವಿದ್ಯಾವತಿ. ಓದಿನಲ್ಲಿ ಚುರುಕು, ಓಟದಲ್ಲಿ ಇನ್ನೂ ಚುರುಕು. ನಿಡಗುಂದಿಯ ಸಂಗಮೇಶನಿಗೆ ಕೊಟ್ಟು ಮದುವೆ ಮಾಡಿದ್ದರು. ಈಗ ಅವಳೇ ತವರಿಗೆ ಬಂದು ಹೆಣ್ಣು ಕೂಸು ಹೆತ್ತು ಹೊರಸಿನ ಮೇಲೆ ಮಲಗಿದ್ದಳು. ಸಿದ್ದಲಿಂಗವ್ವ ಸೆರಗು ಬಿಗಿದು ಕಣಕ್ಕಿಳಿದಳು. ನಸುಕಿಗೇ ಹಂಡೆಯ ಕೆಳಗೆ ಉರಿ, ಬೇವಿನ ಸೊಪ್ಪಿನ ನೀರು, ಲೋಬಾನದ ಹೊಗೆ, ಹೊರಸಿನ ಕೆಳಗೆ ಕೆಂಡ. ಗಂಡ ಖಂಡೆಪ್ಪನ ಹಳೆಯ ಧೋತರವನ್ನು ಮಡಿಚಿ ಮಗಳ ಹೊಟ್ಟೆಗೆ ಬಿಗಿದು ಕಟ್ಟಿದಳು. ಗಾಳಿ ಹೊಗದಂತೆ ಕಿವಿಗೆ ಬಟ್ಟೆ ಸುತ್ತಿದಳು. ಬಾಣಂತಿಯ ಕಿವಿಗೆ ಗಾಳಿ ಹೊಕ್ಕರೆ ಮುಗಿದೇ ಹೋಯಿತೆಂಬುದು ಆಕೆಯ ಗಟ್ಟಿ ನಂಬಿಕೆ. ಏನು ಮುಗಿದುಹೋಗುತ್ತದೆ ಎಂದು ಕೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇನ್ನು ಅಂಟಿನುಂಡಿ. ಅದರ ವಿಷಯದಲ್ಲಿ ಆಕೆ ಯಾರ ಮಾತನ್ನೂ ಕೇಳುವವಳಲ್ಲ. ಜಾಲಿಯ ಅಂಟನ್ನು ತುಪ್ಪದಲ್ಲಿ ಅರಳಿಸಿ, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಹುರಿದು ಹಾಕಿ, ಬೆಲ್ಲದ ಪಾಕದಲ್ಲಿ ಕಟ್ಟಿದ ಉಂಡಿ. ಒಂದನ್ನು ತಿಂದವರು ಮಧ್ಯಾಹ್ನದತನಕ ಊಟದ ಹೆಸರೆತ್ತುವುದಿಲ್ಲ. ಸಿದ್ದಲಿಂಗವ್ವ ಅದನ್ನು ಕೂಸಿನ ತಲೆಯಷ್ಟು ದಪ್ಪ ಕಟ್ಟುತ್ತಿದ್ದಳು. ಹಿತ್ತಾಳೆಯ ಡಬ್ಬಿ ತುಂಬಿಸಿ ಮಗಳ ತಲೆದಿಂಬಿನ ಹತ್ತಿರ ಇಡುವುದು, ಖಾಲಿಯಾದ ಕೂಡಲೇ ಮತ್ತೆ ಕಟ್ಟುವುದು. ಡಬ್ಬಿ ಬೇಗ ಬೇಗ ಖಾಲಿಯಾಗುತ್ತಿತ್ತು. ಆಕೆಗೆ ಸ್ವರ್ಗಕ್ಕೆ ಮೂರೇ ಗೇಣು.

ಆದರೆ ಬರಬರುತ್ತ ಒಂದು ವಿಚಿತ್ರ ಕಂಡಿತು. ಡಬ್ಬಿ ಖಾಲಿಯಾಗುತ್ತಿದೆ, ಮಗಳು ಮಾತ್ರ ತುಂಬುತ್ತಿಲ್ಲ. ಮೊದಲು ದುಂಡಗಾಗಿದ್ದ ಮುಖ ಇಳಿಯುತ್ತ ಬಂತು. ಹೊಟ್ಟೆಗೆ ಕಟ್ಟುವ ಧೋತರದ ಸುತ್ತು ಹೆಚ್ಚಾಗುತ್ತ ಬಂತು. ಸಂಜೆ ಮುಂದೆ, ನಿಂಬೆ ತೋಟದ ಕಡೆ ನಾಲ್ಕು ಹೆಜ್ಜೆ ಅಡ್ಡಾಡಿ ಬರುತ್ತೇನೆಂದು ಕಿವಿ ಕಟ್ಟಿಕೊಂಡು ಹೋದವಳು ಕೆಂಪಗೆ ಮುಖ ಮಾಡಿಕೊಂಡು ಬೆವರಿ ಬರುತ್ತಿದ್ದಳು. ಇತ್ತ ಖಂಡೆಪ್ಪ, ಜೀವಮಾನವಿಡೀ ಕಡ್ಡಿಯಂತಿದ್ದ ಮನುಷ್ಯ, ಅಂಗಿಯ ಕೆಳಗಿನ ಗುಂಡಿ ಹಾಕಿಕೊಳ್ಳಲಾರದೆ ಬಿಟ್ಟುಕೊಂಡು ತಿರುಗತೊಡಗಿದ್ದ. ಚಾವಡಿಯಲ್ಲಿ ಜನ ಅವನ ಗಲ್ಲ ನೋಡಿ, ಖಂಡೆಪ್ಪ, ನಿಮ್ಮ ಮನೆಯಲ್ಲಿ ಬಾಣಂತಿ ಯಾರು ಎಂದು ಕೇಳಿದ್ದು ಸಿದ್ದಲಿಂಗವ್ವನ ಕಿವಿಗೂ ಬಿತ್ತು. ಜನರ ಬಾಯಿ ಕೆಟ್ಟದ್ದು ಎಂದು ಆಕೆ ಸುಮ್ಮನಾದಳು. ಸುಮ್ಮನಾದದ್ದು ಬಾಯಿ ಮಾತ್ರ, ತಲೆಯಲ್ಲಿ ಹುಳ ಕೊರೆಯುತ್ತಲೇ ಇತ್ತು.

ಒಂದು ಸಂಜೆ ಕೂಸು ಎದ್ದು ರಂಪ ಮಾಡಿತು. ಸಿದ್ದಲಿಂಗವ್ವ ಅದನ್ನು ಹೆಗಲಿಗೆ ಹಾಕಿಕೊಂಡು ತೋಟಕ್ಕೇ ನಡೆದಳು. ನಿಂಬೆ ಗಿಡಗಳ ಸಾಲು ದಾಟಿ ಬಯಲಿಗೆ ಬಂದವಳು ಅಲ್ಲೇ ನಿಂತುಬಿಟ್ಟಳು. ಹಳೆಯ ಲೈನು ಬದಲಿಸುವಾಗ ಹೊಲದ ಬದುವಿನಲ್ಲಿ ಬಿದ್ದುಕೊಂಡಿದ್ದ ಸಿಮೆಂಟಿನ ಕರೆಂಟು ಕಂಬ ಈಗ ನೆಟ್ಟಗೆ ನಿಂತಿದೆ. ಸುತ್ತ ಜೋಳದ ಕಣಿಕೆಯ ದಪ್ಪ ಹಾಸು. ಕಂಬದ ನಡುಮಟ್ಟದಲ್ಲಿ, ಆಕೆ ಎರೆದು, ಹೊಗೆ ಹಾಕಿ, ಹೊಟ್ಟೆ ಕಟ್ಟಿ ಕಾಪಾಡಿದ ಹಸಿ ಬಾಣಂತಿ, ಚೂಡಿದಾರದ ಪ್ಯಾಂಟು ಮೇಲೇರಿಸಿಕೊಂಡು, ಕಂಬವನ್ನು ತಬ್ಬಿಕೊಂಡು ತೂಗಾಡುತ್ತಿದ್ದಾಳೆ. ಕೆಳಗೆ ಕಣಿಕೆಯ ಮೇಲೆ ಖಂಡೆಪ್ಪ ಚಕ್ಕಳಬಕ್ಕಳ ಹಾಕಿ ಕೂತು, ಒತ್ತು, ಅಂಗಾಲು ಒತ್ತು ಎಂದು ಹುರಿದುಂಬಿಸುತ್ತಿದ್ದಾನೆ. ಅವನ ಕೈಯಲ್ಲಿ ಅರ್ಧ ತಿಂದ ಅಂಟಿನುಂಡಿ.

ಸಿದ್ದಲಿಂಗವ್ವನ ಬಾಯಿಂದ ಮೊದಲು ಬಂದ ಮಾತು ಉಂಡಿಯದೂ ಅಲ್ಲ, ಕಂಬದ್ದೂ ಅಲ್ಲ.

"ಕಿವಿಗಿ ಕಟಗೊಂಡಿದ್ದ ಅರಿವಿ ಎಲ್ಲೇತಿ?"

ಮಗಳು ಬೆಚ್ಚಿ ಕೈ ಸಡಿಲಿಸಿ ಸರ್ರನೆ ಜಾರಿ ಕಣಿಕೆಯ ಮೇಲೆ ಕೂತಳು. ಖಂಡೆಪ್ಪ ಉಳಿದ ಉಂಡಿಯನ್ನು ಬಾಯಿಗೆ ತುರುಕಿಕೊಂಡು ಸಾಕ್ಷ್ಯ ನುಂಗಿಬಿಟ್ಟ. ಆಮೇಲೆ ಆ ತೋಟದಲ್ಲಿ ಆಕೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಗಂಡನ ಹೊಟ್ಟೆಗೂ ನಾಳೆಯಿಂದ ಧೋತರ ಕಟ್ಟಬೇಕು ಎಂಬುದು ಅವುಗಳಲ್ಲಿ ಅತ್ಯಂತ ಮೃದುವಾದದ್ದು.

ಬಿರುಗಾಳಿ ತಣ್ಣಗಾದ ಮೇಲೆ ಮಗಳು ಕೂಸಿಗೆ ಹಾಲು ಕುಡಿಸುತ್ತ ಕೂತು ಎಲ್ಲ ಹೇಳಿದಳು. ಬಸುರಾಗುವ ಮುಂಚೆಯೇ ಅವಳು ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿದ್ದಳಂತೆ. ಹತ್ತನೆಯ ತರಗತಿಯ ಅಂಕದ ಮೇಲೆ ಪಟ್ಟಿಯಲ್ಲಿ ಹೆಸರು ಬಂದಿದೆ. ಈಗ ವಿಜಯಪುರದ ಮೈದಾನದಲ್ಲಿ ದೇಹದ ಪರೀಕ್ಷೆ. ಓಡಬೇಕು, ಗುಂಡು ಎಸೆಯಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಕರೆಂಟಿನ ಕಂಬ ಏರಬೇಕು. ಕಂಬ ತಪ್ಪಿದರೆ ಉಳಿದದ್ದೆಲ್ಲ ಇದ್ದೂ ಇಲ್ಲ. ಹೆರಿಗೆಯಾದ ಮೇಲೆ ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು, ಸೊಂಟ ತನ್ನದಲ್ಲವೇ ಅಲ್ಲ ಎನ್ನಿಸುತ್ತಿತ್ತು. ಇಂಡಿ ಪಟ್ಟಣದ ಡಾಕ್ಟರಮ್ಮನನ್ನು ಕೇಳಿದ್ದಕ್ಕೆ, ಹೊಟ್ಟೆತುಂಬ ಉಣ್ಣು, ನಿಧಾನವಾಗಿ ಶುರುಮಾಡು ಎಂದಿದ್ದರಂತೆ. ಉಣ್ಣುವ ಮಾತನ್ನು ಮಗಳು ಅರ್ಧ ಕೇಳಿದ್ದಳು. ಉಂಡಿಯನ್ನಂತೂ ಅಪ್ಪನಿಗೆ ದಾಟಿಸಿದ್ದಳು. ಬದುವಿನ ಕಂಬವನ್ನು ಆಳುಗಳಿಂದ ನೆಡಿಸಿಕೊಟ್ಟವನೂ ಅವನೇ.

"ಯವ್ವಾ, ಮುಂದಿನ ಸಲಕ್ಕ ನನ್ನ ವಯಸ್ಸ ಮೀರ್ತೈತಿ," ಎಂದಳು ವಿದ್ಯಾವತಿ. "ನನ್ನ ಪಾಲಿಗಿ ಇದ ಒಂದ ಕಂಬ ಇರೂದು."

ಆ ಮಾತು ಹೇಳುವಾಗ ಮಗಳ ಕಣ್ಣು ತುಂಬಿದ್ದನ್ನು ಸಿದ್ದಲಿಂಗವ್ವ ನೋಡಿದಳು. ಬೇಡ ಎನ್ನಲು ನಾಲಿಗೆ ಹೊರಳಲಿಲ್ಲ. ಆದರೆ ನಿನ್ನ ಅತ್ತೆ ಸುಂದರವ್ವ ಏನೆನ್ನುತ್ತಾಳೆ ಎಂದು ಕೇಳಿದಳು. ಅತ್ತೆ ಫೋನಿನಲ್ಲಿ ಒಪ್ಪಿದ್ದಾರೆ, ಪರೀಕ್ಷೆಯ ದಿನ ಮೈದಾನದಲ್ಲಿ ಕೂಸನ್ನು ಹಿಡಿದುಕೊಂಡು ಕೂರುವವರೂ ಅವರೇ ಎಂದು ಮಗಳು ಹೇಳಿದಳು. ಸಿದ್ದಲಿಂಗವ್ವ ಮೂಗು ಮುರಿದಳು. ಫೋನಿನಲ್ಲಿ ಬೀಗತಿಯರು ಆಡುವ ಮಾತೇ ಬೇರೆ, ಪಡಸಾಲೆಯಲ್ಲಿ ಸೊಸೆಯ ಮುಂಗೈ ಹಿಡಿದು ಆಡುವ ಮಾತೇ ಬೇರೆ. ಅದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅಂತೂ ಕಂಬಕ್ಕೆ ಪರವಾನಗಿ ಸಿಕ್ಕಿತು, ಕಿವಿಗೆ ಬಟ್ಟೆ ಕಟ್ಟಿಕೊಂಡೇ ಏರಬೇಕೆಂಬ ಷರತ್ತಿನ ಮೇಲೆ. ಹೀಗಾಗಿ ತಾಂಬಾದ ನಿಂಬೆ ತೋಟದಲ್ಲಿ ಸಂಜೆ ಸಂಜೆ ತಲೆಗೆ ಮಫ್ಲರ್ ಸುತ್ತಿದ ಬಾಣಂತಿಯೊಬ್ಬಳು ಕಂಬ ಏರುವುದು, ಜಾರುವುದು, ಬೈದುಕೊಂಡು ಮತ್ತೆ ಏರುವುದು ನಡೆಯಿತು. ದಿನ ಕಳೆದಂತೆ ತೋಳು ಗಟ್ಟಿಯಾಯಿತು, ಹೊಟ್ಟೆ ಒಳಗೆ ಹೋಯಿತು, ಒಂದು ಸಂಜೆ ತುದಿಯನ್ನೂ ಮುಟ್ಟಿದಳು. ಖಂಡೆಪ್ಪ ಕೆಳಗೆ ಕುಣಿದ. ಸಿದ್ದಲಿಂಗವ್ವನಿಗೂ ಒಳಗೊಳಗೇ ಖುಷಿಯಾಯಿತು. ಆದರೆ ಕೆಳಗಿಳಿದು ಬಂದ ಮಗಳ ಕೊರಳಿನ ಎಲುಬು ಎಣಿಸುವ ಹಾಗೆ ಕಂಡಾಗ ಖುಷಿಯೆಲ್ಲ ಇಂಗಿಹೋಯಿತು.

ಅಷ್ಟರಲ್ಲಿ ಸುಂದರವ್ವನ ಫೋನು ಬಂತು. ಕೂಸಿಗೆ ಐದನೆಯ ತಿಂಗಳು ನಡೆದಿದೆ, ಶನಿವಾರ ಸೊಸೆಯನ್ನೂ ಮೊಮ್ಮಗಳನ್ನೂ ಕರೆದೊಯ್ಯಲು ನಾನು, ಸಂಗಮೇಶ, ಓಣಿಯ ನಾಲ್ಕು ಹೆಂಗಸರು ಬರುತ್ತೇವೆ ಎಂದಳು. ಸೋಮವಾರ ನಿಡಗುಂದಿಯಿಂದಲೇ ಪರೀಕ್ಷೆಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಕೊನೆಗೆ, ಹೊರಡುವಾಗ ನಮ್ಮ ಹುಡುಗಿ ಕುಬಸದ ಹಸಿರು ಸೀರೆ, ಹಸಿರು ಕುಪ್ಪಸವನ್ನೇ ಉಟ್ಟು ತೊಟ್ಟು ಬರಲಿ, ಚಂದ ಕಾಣುತ್ತದೆ ಎಂದು ಸೇರಿಸಿದಳು.

ಸಿದ್ದಲಿಂಗವ್ವ ಪೆಟ್ಟಿಗೆ ತೆಗೆದು ಕುಪ್ಪಸ ಬಿಡಿಸಿ ನೋಡಿದಳು. ಆ ಕುಪ್ಪಸ ಏಳನೆಯ ತಿಂಗಳ ಸೀಮಂತಕ್ಕೆ, ಕುಬಸದ ಕಾರ್ಯಕ್ಕೆಂದು ಹೊಲಿಸಿದ್ದು. ಬಸುರಿಯ ಮೈಗೆಂದು, ಮುಂದೆ ಬಾಣಂತಿಯ ಮೈಗೂ ಆಗಲೆಂದು, ಅಗಲ ಬಿಟ್ಟು ಹೊಲಿದದ್ದು. ಈಗ ಮಗಳಿಗೆ ತೊಡಿಸಿದರೆ ಗೂಟಕ್ಕೆ ತಗಲಿಸಿದಂತೆ ಜೋಲುತ್ತದೆ. ನಿಡಗುಂದಿಯ ನಾಲ್ಕು ಹೆಂಗಸರು, ಪಡಸಾಲೆ, ಸುಂದರವ್ವನ ಕೈಯಲ್ಲಿ ಮಗಳ ಮುಂಗೈ. ಮುಂದಿನ ಮಾತು ಆಕೆಗೆ ಈಗಲೇ ಕೇಳಿಸಿತು.

ಆಕೆ ಕುಪ್ಪಸವನ್ನು ಸೆರಗಿನಲ್ಲಿ ಮುಚ್ಚಿಕೊಂಡು ದರ್ಜಿ ದಸ್ತಗೀರಸಾಬನ ಅಂಗಡಿಗೆ ಹೋದಳು. ಎರಡೂ ಮಗ್ಗುಲು, ಎರಡೂ ತೋಳು ಹಿಡಿದು ಹೊಲಿ, ಮೈಗೆ ಬಿಗಿದು ಕೂರಬೇಕು ಎಂದಳು. ದಸ್ತಗೀರಸಾಬ ಕನ್ನಡಕ ಹಣೆಗೇರಿಸಿ ಆಕೆಯನ್ನೇ ನೋಡಿದ. ಬಾಣಂತಿಯರ ಕುಪ್ಪಸ ಬಿಚ್ಚಿಸಿ ಅಗಲ ಮಾಡಿಸುವವರನ್ನು ನೋಡಿದ್ದೇನೆ, ಸಣ್ಣ ಮಾಡಿಸಿಕೊಳ್ಳುವವರನ್ನು ಇವತ್ತೇ ನೋಡಿದ್ದು ಎಂದ. ಸಿದ್ದಲಿಂಗವ್ವ ಯಾರಿಗೂ ಹೇಳಕೂಡದೆಂದು ಅವನಿಂದ ಆಣೆ ಮಾಡಿಸಿಕೊಂಡಳು. ಅವನು ನಕ್ಕು, ನಾಳೆ ಮನಸ್ಸು ಬದಲಾದರೆ ಒಂದು ದಾರ ಎಳೆದರೆ ಸಾಕು, ಬಿಚ್ಚಿಕೊಳ್ಳುತ್ತದೆ ಎಂದು ಕಚ್ಚಾ ಹೊಲಿಗೆ ಹಾಕಿಕೊಟ್ಟ.

ಇಷ್ಟಕ್ಕೇ ನಿಂತಿದ್ದರೆ ಒಳ್ಳೆಯದಿತ್ತು. ಆಕೆ ಗುರುವಾರವೇ ಮಗಳಿಗೆ ಕುಪ್ಪಸ ತೊಡಿಸಿ ನೋಡಿದಳು. ಕುಪ್ಪಸ ಮೈಗೆ ಅಂಟಿ ಕೂತಿತು, ತೋಳಿನ ಅಂಚು ಕಚ್ಚಿ ಹಿಡಿಯಿತು, ಬೆನ್ನ ಮೇಲೆ ಎರಡು ಮಡಿಕೆ ಎದ್ದವು. ಸಿದ್ದಲಿಂಗವ್ವನ ಕಣ್ಣು ತಂಪಾದವು. ವಿದ್ಯಾವತಿ ಮಾತ್ರ ಕನ್ನಡಿಯ ಮುಂದೆ ಕಲ್ಲಾಗಿ ನಿಂತುಬಿಟ್ಟಳು. ಬಸುರಿದ್ದಾಗ ಸಡಿಲವಾಗಿದ್ದ ಕುಪ್ಪಸ ಈಗ ಉಸಿರು ಕಟ್ಟಿಸುತ್ತಿದೆ ಎಂದರೆ ಇಷ್ಟು ದಿನ ಓಡಿದ್ದೇನು, ಏರಿದ್ದೇನು? ತಾನು ಇಳಿದಿಲ್ಲ, ಉಬ್ಬಿದ್ದೇನೆ. ಈವರೆಗೆ ಕನ್ನಡಿಯಲ್ಲಿ ಕಂಡದ್ದೆಲ್ಲ ಭ್ರಮೆ ಎಂದು ಹುಡುಗಿ ನಂಬಿಬಿಟ್ಟಳು.

ಅವತ್ತು ರಾತ್ರಿ ಅವಳು ರೊಟ್ಟಿ ಮುಟ್ಟಲಿಲ್ಲ. ಮರುದಿನ ಬರೀ ಮಜ್ಜಿಗೆ ಕುಡಿದು ತೋಟಕ್ಕೆ ಹೋದಳು. ತುದಿ ಮುಟ್ಟಿದ್ದವಳು ಅರ್ಧಕ್ಕೇ ನಡುಗಿ ಜಾರಿ, ಮೊಣಕೈ ತರಚಿಕೊಂಡು ಬಂದಳು. ಕೂಸು ಹಾಲು ಸಾಲದೆ ಅತ್ತಿತು. ಅದರ ಜೊತೆ ತಾನೂ ಅತ್ತಳು. ಸಿದ್ದಲಿಂಗವ್ವ ಮೊಣಕೈಗೆ ಅರಿಶಿನ ಹಚ್ಚುತ್ತ, ಕುಪ್ಪಸದ ಗುಟ್ಟನ್ನು ಹೇಳಿಬಿಡಲೇ ಎಂದು ಎಷ್ಟು ಸಲ ಬಾಯಿ ತೆರೆದಳೋ. ಪ್ರತಿ ಸಲವೂ ಕಣ್ಣ ಮುಂದೆ ತನ್ನ ತಾಯಿಯ ತಗ್ಗಿದ ತಲೆ ಬಂದು ನಿಲ್ಲುತ್ತಿತ್ತು. ಇನ್ನೊಂದೇ ದಿನ, ಬೀಗರ ಮುಂದೆ ಒಂದು ಗಳಿಗೆ ಮಾನ ಉಳಿದರೆ ಸಾಕು, ಆಮೇಲೆ ಹೇಳಿದರಾಯಿತು ಎಂದು ಬಾಯಿ ಮುಚ್ಚಿಕೊಂಡಳು. ಆಕೆ ಕೆಟ್ಟ ತಾಯಿಯಲ್ಲ. ಹೆದರಿದ ತಾಯಿ.

ಶನಿವಾರ ಬೀಗರು ಬಂದರು. ಸುಂದರವ್ವ ಗಟ್ಟಿ ದನಿಯ, ದೊಡ್ಡ ಕುಂಕುಮದ, ಕೂತಲ್ಲಿ ಕೂರದ ಹೆಂಗಸು. ಬಂದವಳೇ ಮೊಮ್ಮಗಳು ಪಲ್ಲವಿಯನ್ನು ಎತ್ತಿಕೊಂಡು ದೃಷ್ಟಿ ತೆಗೆದಳು. ಹೋಳಿಗೆಯ ಊಟವಾಯಿತು. ಗಂಡಸರು ಹೊರಗೆ ಕಟ್ಟೆಗೆ ಹೋದರು. ಒಳಗೆ ಪಡಸಾಲೆಯಲ್ಲಿ ಹೆಂಗಸರಷ್ಟೇ ಉಳಿದಾಗ ಮಗಳನ್ನು ಮಣೆಯ ಮೇಲೆ ಕೂರಿಸಿ ಅಕ್ಕಿಯಿಂದ ಉಡಿ ತುಂಬಿದರು. ಹಸಿರು ಸೀರೆ, ಹಸಿರು ಕುಪ್ಪಸ. ವಿದ್ಯಾವತಿ ಉಸಿರನ್ನು ಅಳೆದು ಅಳೆದು ಬಿಡುತ್ತಿದ್ದಳು. ಸುಂದರವ್ವ ಸೊಸೆಯ ಎದುರು ಕೂತಳು. ನಿಧಾನವಾಗಿ ಕೈ ಚಾಚಿ ಮುಂಗೈ ಹಿಡಿದಳು. ಸಿದ್ದಲಿಂಗವ್ವ ಗೋಡೆಗೆ ಒರಗಿ ನಿಂತು ಕಾದಳು. ಜನ್ಮವಿಡೀ ಕಾದ ಗಳಿಗೆ ಅದು.

ಸುಂದರವ್ವನ ಮುಖ ಕಪ್ಪಿಟ್ಟಿತು.

"ಇದೇನ್ರಿ ಬೀಗತ್ಯಾರ, ಹುಡುಗಿನ್ನ ಹಿಂಗ ಉಬ್ಬಿಸಿಟ್ಟೀರಿ? ಕುಬಸ ಹರ್ಯಾಕತ್ತೈತಿ. ಈ ಮೈ ತಗೊಂಡು ಸೋಮಾರ ಕಂಬ ಹ್ಯಾಂಗ ಏರ್ತಾಳ?"

ಸಿದ್ದಲಿಂಗವ್ವನಿಗೆ ಕೇಳಿದ್ದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ತಾನು ಇಷ್ಟು ವರ್ಷ ಒಂದು ಬಾಗಿಲಿಗೆ ಅಗಳಿ ಹಾಕಿ ಕಾವಲು ಕೂತಿದ್ದರೆ ಬೀಗತಿ ಹಿತ್ತಲ ಬಾಗಿಲಿನಿಂದ ಬಂದು ನಿಂತಿದ್ದಳು. ಸುಂದರವ್ವ ಫೋನಿನಲ್ಲಿ ಹೇಳಿದ್ದೆಲ್ಲ ನಿಜವೇ ಆಗಿತ್ತು. ಅವಳು ಒಪ್ಪಿದ್ದಷ್ಟೇ ಅಲ್ಲ, ನಮ್ಮ ಸೊಸೆ ಲೈನ್‌ಮನ್ ಆಗುತ್ತಾಳೆ, ಇನ್ನು ನಮ್ಮ ಓಣಿಯ ಕರೆಂಟು ಹೋದರೆ ಕೇಳಿ ಎಂದು ನಿಡಗುಂದಿಯ ತುಂಬ ಡಂಗುರ ಹೊಡೆದಿದ್ದಳು. ಆದರೆ ಈಗ ಬಿಗಿದ ಕುಪ್ಪಸ, ತರಚಿದ ಮೊಣಕೈ ಎರಡನ್ನೂ ನೋಡಿ ಅವಳಿಗೆ ನಿಜವಾಗಿ ಭಯವಾಗಿತ್ತು. ಬಿದ್ದೆಯಾ ಎಂದು ಕೇಳಿದಳು. ನಿನ್ನೆ ಅರ್ಧದಿಂದ ಜಾರಿದೆ, ಅತ್ತಿ, ನಾನು ದಪ್ಪ ಆಗಿಬಿಟ್ಟಿದ್ದೇನೆ ಎಂದು ವಿದ್ಯಾವತಿ ತಲೆ ತಗ್ಗಿಸಿ ಒಪ್ಪಿಕೊಂಡಳು.

ಸುಂದರವ್ವ ಕೂಸನ್ನು ಎದೆಗೆ ಅವುಚಿಕೊಂಡು ಎದ್ದು ನಿಂತಳು.

"ಕಂಬದ ಮ್ಯಾಲಿಂದ ಬಿದ್ದು ಏನಾರ ಆದ್ರ ಈ ಕೂಸಿಗಿ ಯಾರು? ನನಗ ಸೊಸಿ ಬೇಕು, ನೌಕರಿ ಅಲ್ಲ. ಸೋಮಾರ ಎಲ್ಲಿಗೂ ಹೋಗೂದು ಬ್ಯಾಡ, ಸುಮ್ಮ ಮನಿಗಿ ನಡೀಲಿ."

ಅವಳು ಸಿಟ್ಟಿನಿಂದ ಹೇಳಿದ್ದಲ್ಲ, ಅದಕ್ಕೇ ಎದುರಾಡುವುದು ಕಷ್ಟವಾಗಿತ್ತು. ವಿದ್ಯಾವತಿಯ ಉಡಿಯಲ್ಲಿದ್ದ ಅಕ್ಕಿಯ ಮೇಲೆ ಒಂದು ಹನಿ ಬಿತ್ತು. ಬಂದ ಹೆಂಗಸರು ಹೌದು ಹೌದು, ಜೀವ ದೊಡ್ಡದು ಎಂದು ತಲೆಯಾಡಿಸಿದರು. ಮಗಳು ತಲೆ ತಗ್ಗಿಸಿ ಕೂತಿರುವುದನ್ನು ಸಿದ್ದಲಿಂಗವ್ವ ನೋಡಿದಳು. ಅದೇ ಪಡಸಾಲೆ, ಅದೇ ಜಾಗ, ಅದೇ ತಗ್ಗಿದ ತಲೆ. ಅವತ್ತು ತಾಯಿಯದು, ಇವತ್ತು ಮಗಳದು. ಅವತ್ತಿನದಕ್ಕೆ ಕಾರಣ ಜ್ವರ, ಇವತ್ತಿನದಕ್ಕೆ ಕಾರಣ ತಾನೇ.

ಆಕೆ ಗೋಡೆ ಬಿಟ್ಟು ಮುಂದೆ ಬಂದಳು. ಸುಂದರವ್ವನ ಎದುರಿಗೇ ನಿಂತಳು.

"ಆಕಿ ಉಬ್ಬಿಲ್ರಿ, ಬೀಗತ್ಯಾರ. ಕುಬಸ ನಾನ ಸಣ್ಣ ಮಾಡಸೇನಿ. ಆಕಿ ನನ್ನ ಕೈಯಾಂದು ಒಂದ ಉಂಡಿನೂ ತಿಂದಿಲ್ಲ. ನನಗ ಆಕಿ ಮೈ ತುಂಬಸಾಕ ಆಗಲಿಲ್ಲ, ಅದನ್ನ ನಿಮ್ಮ ಕಣ್ಣಿಗಿ ಮುಚ್ಚಿದೆ. ಏನ ಅನ್ನೂದಿದ್ರೂ ನನಗ ಅನ್ರಿ, ಆಕಿ ಕಂಬ ತಪ್ಪಸಬ್ಯಾಡ್ರಿ."

ಸುಂದರವ್ವ ನಂಬಲಿಲ್ಲ. ನಂಬುವುದಾದರೂ ಹೇಗೆ? ಮಗಳನ್ನು ದಪ್ಪ ತೋರಿಸಲು ದುಡ್ಡು ಕೊಟ್ಟು ಬಟ್ಟೆ ಬಿಗಿ ಮಾಡಿಸುವ ತಾಯಿಯನ್ನು ಅವಳು ಎಲ್ಲಿಯೂ ಕೇಳಿರಲಿಲ್ಲ. ಆಗ ಸಿದ್ದಲಿಂಗವ್ವ ಮಗಳ ಹಿಂದೆ ಹೋಗಿ ಕೂತು, ಮಗ್ಗುಲಲ್ಲಿ ತಡಕಿ, ದಸ್ತಗೀರಸಾಬ ಬಿಟ್ಟಿದ್ದ ದಾರದ ತುದಿ ಹಿಡಿದು ಒಂದೇ ಸಲ ಎಳೆದಳು. ಈ ಮಗ್ಗುಲು, ಆ ಮಗ್ಗುಲು, ಆಮೇಲೆ ಎರಡೂ ತೋಳು. ಕುಪ್ಪಸ ಉಸ್ಸೆಂದು ಸಡಿಲಾಗಿ ಜೋತುಬಿತ್ತು. ಅದರೊಳಗೆ ಬೇಕಾದರೆ ಇನ್ನೊಬ್ಬಳು ಹೊಕ್ಕು ಕೂರಬಹುದಿತ್ತು. ಬಂದವರಲ್ಲಿ ಒಬ್ಬಳು ಕಿಸಕ್ಕನೆ ನಕ್ಕು ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಸಿದ್ದಲಿಂಗವ್ವ ಮಗಳ ಮುಖ ನೋಡಲಾರದೆ ಕೂತಿದ್ದಳು. ಬೈಯಲಿ, ಅಳಲಿ, ಇನ್ನು ನಿನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ ಎನ್ನಲಿ. ವಿದ್ಯಾವತಿ ಜೋತುಬಿದ್ದ ತೋಳನ್ನು ಹಿಡಿದು ಎಳೆದು ಎಳೆದು ನೋಡಿದಳು. ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟೇ ಇರಲಿಲ್ಲ.

"ಯವ್ವಾ," ಎಂದಳು, "ಅಂದ್ರ ನಾ ದಪ್ಪ ಆಗಿಲ್ಲಾ?"

ಇಲ್ಲವೆಂದು ಸಿದ್ದಲಿಂಗವ್ವ ತಲೆಯಾಡಿಸಿದಳು. ಅಷ್ಟೇ ಸಾಕಾಯಿತು. ಹುಡುಗಿ ಎದ್ದು ನಿಂತು, ನನಗೆ ಮೊನ್ನೆಯಿಂದ ಹಸಿವೆಯಾಗಿದೆ ಎಂದಳು. ರೊಟ್ಟಿ ಬೇಡ, ಹೋಳಿಗೆ ಬೇಡ, ಒಂದು ಅಂಟಿನುಂಡಿ ಕೊಡು, ಅತ್ತಿಯ ಕಣ್ಣ ಮುಂದೆ ಏರಿಯೇ ತೋರಿಸುತ್ತೇನೆ ಎಂದಳು. ಸಿದ್ದಲಿಂಗವ್ವ ಕೋಣೆಗೆ ಓಡಿ ಹಿತ್ತಾಳೆಯ ಡಬ್ಬಿ ತೆರೆದಳು. ಡಬ್ಬಿಯ ತಳದಲ್ಲಿ ನಾಲ್ಕು ಕಾಳು ಗಸಗಸೆ ಬಿಟ್ಟರೆ ಏನೂ ಇರಲಿಲ್ಲ. ಆಕೆ ಡಬ್ಬಿ ಹಿಡಿದುಕೊಂಡೇ ಕಟ್ಟೆಗೆ ಬಂದು, ಅಳಿಯ ಸಂಗಮೇಶ ನೋಡುತ್ತಿರುವಂತೆ ಅದನ್ನು ಗಂಡನ ಮುಂದೆ ಬೋರಲು ಹಾಕಿ ನಿಂತಳು. ಖಂಡೆಪ್ಪ ಮುಖ ಹುಳ್ಳಗೆ ಮಾಡಿಕೊಂಡು ಅಂಗಿಯ ಕಿಸೆಗೆ ಕೈ ಹಾಕಿ ಕೊನೆಯದೊಂದು ಉಂಡಿ ತೆಗೆದುಕೊಟ್ಟ. ಅದಕ್ಕೆ ಕಿಸೆಯ ನೂಲು ಅಂಟಿತ್ತು. ವಿದ್ಯಾವತಿ ಊದಿ, ಇಡೀ ಉಂಡಿಯನ್ನು ಬೆರಳು ನೆಕ್ಕಿಕೊಂಡು ತಿಂದಳು.

ಬೀಗರ ಮೆರವಣಿಗೆ ನಿಂಬೆ ತೋಟಕ್ಕೆ ಹೊರಟಿತು. ಚೂಡಿದಾರ ತೊಟ್ಟ ವಿದ್ಯಾವತಿ ಮುಂದೆ, ಹಿಂದೆ ಸಂಗಮೇಶ, ಅವನ ಹಿಂದೆ ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡ ನಿಡಗುಂದಿಯ ಹೆಂಗಸರು. ಕಂಬದ ಎತ್ತರ ನೋಡಿ ಸುಂದರವ್ವ ಕೂಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು. ಸಿದ್ದಲಿಂಗವ್ವ ಕೊನೆಗೆ ಬಂದು ದೂರದಲ್ಲೇ ಒಂದು ಗಿಡದ ಕೆಳಗೆ ನಿಂತಳು. ಇನ್ನು ಮುಂದೆ ನಿಲ್ಲುವ ಮುಖ ತನಗಿಲ್ಲ ಎಂದು ಆಕೆಗೆ ಅನ್ನಿಸಿತ್ತು. ಮಾನ ಹೋಗುವುದು ಹೋಯಿತು, ಹುಡುಗಿ ಒಂದು ತುದಿ ಮುಟ್ಟಲಿ ದೇವರೇ ಎಂದು ಕೈ ಮುಗಿದುಕೊಂಡಳು.

ವಿದ್ಯಾವತಿ ಅಂಗೈಗೆ ಮಣ್ಣು ಹಚ್ಚಿಕೊಂಡು ಕಂಬ ತಬ್ಬಿದಳು. ಅಂಗಾಲು ಒತ್ತಿ ಮೇಲಕ್ಕೆ, ತೋಳು ಬಿಗಿದು ಇನ್ನೂ ಮೇಲಕ್ಕೆ. ನಿನ್ನೆ ಜಾರಿದ ಜಾಗಕ್ಕೆ ಬಂದಾಗ ತಡೆದಳು. ಸುಂದರವ್ವ ಕಣ್ಣು ಮುಚ್ಚಿಕೊಂಡಳು. ಸಿದ್ದಲಿಂಗವ್ವನಿಗೆ ತಡೆಯಲಾಗಲಿಲ್ಲ. ಗಿಡದ ಕೆಳಗಿನಿಂದಲೇ, ಕಿವಿಗೆ ಬಟ್ಟೆ ಕಟ್ಟಿಲ್ಲವಲ್ಲೇ ಎಂದು ಕೂಗಿಬಿಟ್ಟಳು. ಮೇಲಿನಿಂದ ನಗು ಕೇಳಿಸಿತು. ನಗುತ್ತಲೇ ಹುಡುಗಿ ಸರಸರ ಏರಿ, ಅಂಗೈಯಿಂದ ಕಂಬದ ನೆತ್ತಿಯನ್ನು ಪಟಪಟನೆ ಬಡಿದಳು. ಅಲ್ಲಿಂದ ಕೂಸಿನ ಕಡೆ ನೋಡಿ ನಾಲಿಗೆ ಹೊರಹಾಕಿ ಅಣಕಿಸಿದಳು ಕೂಡ.

ಸುಂದರವ್ವ ಕಣ್ಣು ತೆರೆದಳು. ತಲೆ ಹಿಂದಕ್ಕೆ ಬಾಗಿಸಿ ಸೊಸೆಯನ್ನು ನೋಡಿದಳು, ನೋಡುತ್ತಲೇ ನಿಂತಳು. ಆಮೇಲೆ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು, ಹೆಂಗಸರನ್ನೆಲ್ಲ ದಾಟಿ, ಗಿಡದ ಕೆಳಗೆ ಮುದುಡಿ ನಿಂತಿದ್ದ ಸಿದ್ದಲಿಂಗವ್ವನ ಹತ್ತಿರ ಬಂದು ಆಕೆಯ ಮುಂಗೈ ಹಿಡಿದುಕೊಂಡಳು. ಸಿದ್ದಲಿಂಗವ್ವ ಬರುವುದು ಬರಲಿ ಎಂದು ಕಾದಳು.

"ಬೀಗತ್ಯಾರ," ಎಂದಳು ಸುಂದರವ್ವ, "ಏನ ತಿನ್ನಿಸೀರಿ ಇಕಿಗಿ?"

ಅದೇ ಮಾತು. ಆದರೆ ಬೀಗತಿಯ ಕಣ್ಣು ಇನ್ನೂ ಕಂಬದ ತುದಿಯಲ್ಲೇ ಇತ್ತು, ಬಾಯಿ ಇನ್ನೂ ತೆರೆದೇ ಇತ್ತು. ಯವ್ವಾ, ಕೇಳಿಸಿತೇನು ಎಂದು ಸಿದ್ದಲಿಂಗವ್ವ ಸತ್ತ ತಾಯಿಯನ್ನು ಮನಸ್ಸಿನಲ್ಲೇ ಕೂಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವತ್ತಿಗೆ ಒಂದು ಸುಳ್ಳು ಸಾಕೆಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಒಂದ ಉಂಡಿರಿ. ಉಳದದ್ದೆಲ್ಲಾ ಅಲ್ಲಿ ಐತಿ," ಎಂದು ಖಂಡೆಪ್ಪನ ಹೊಟ್ಟೆಯ ಕಡೆ ಕೈ ಮಾಡಿದಳು.